ಒಬ್ಬರೇ ಗೆದ್ದರೆ ಜಗಳ ಯಾಕೆ?

2024ರ ಏಪ್ರಿಲ್ 7, ಪ್ಯಾರಿಸ್-ರೂಬೆ ಸೈಕಲ್ ರೇಸ್. ಉತ್ತರ ಫ್ರಾನ್ಸಿನ ಓರ್ಶೀ ಬಳಿಯ ಕಲ್ಲುಹಾಸಿನ ದಾರಿಯಲ್ಲಿ ನೆದರ್‌ಲೆಂಡ್ಸಿನ ಮಾಥ್ಯೂ ವಾನ್ ಡರ್ ಪೂಲ್ ಗುಂಪು ಬಿಟ್ಟು ಮುಂದೆ ಹೋದರು. ಗುರಿ ಇನ್ನೂ 60 ಕಿಲೋಮೀಟರ್ ದೂರವಿತ್ತು. ಆಮೇಲೆ ಅವರು ಯಾರ ಕೈಗೂ ಸಿಗಲಿಲ್ಲ. ಎರಡನೆಯವರು ಬಂದಿದ್ದು ಸರಿಯಾಗಿ ಮೂರು ನಿಮಿಷ ಬಿಟ್ಟು. ಅವರೂ ಇವರದೇ ತಂಡದ ಯಾಸ್ಪರ್ ಫಿಲಿಪ್ಸೆನ್.

ಅಭಿಮಾನಿಗಳ ವಾದ ಆಗಲೇ ಶುರುವಾಗಿತ್ತು. ಇಂಥ ಗೆಲುವು ನೋಡೋಕೆ ಪುಣ್ಯ ಮಾಡಿರಬೇಕು ಅಂದರು ಒಂದಷ್ಟು ಜನ. ಒಂದೂಕಾಲು ಗಂಟೆ ಒಬ್ಬನೇ ಪೆಡಲ್ ತುಳಿಯೋದನ್ನ ನೋಡ್ತಾ ಕೂತರೆ ಬೋರ್ ಆಗಲ್ವಾ ಅಂದರು ಇನ್ನೊಂದಷ್ಟು ಜನ. ಮೂರನೆಯ ಗುಂಪಿನದು ಬೇರೆ ತಕರಾರು: ಎದುರಿಗೆ ಯಾರಿದ್ದರು? ಅವರ ದೊಡ್ಡ ಎದುರಾಳಿ ವೌಟ್ ವಾನ್ ಆರ್ಟ್ ಹನ್ನೊಂದು ದಿನ ಮೊದಲು ಬೆಲ್ಜಿಯಂನ ಒಂದು ರೇಸಿನಲ್ಲಿ ಬಿದ್ದು ಮೂಳೆ ಮುರಿದುಕೊಂಡಿದ್ದರು. ಇನ್ನೊಬ್ಬ ದೊಡ್ಡ ಎದುರಾಳಿ ತಾದೇ ಪೊಗಾಚಾರ್ ಬಂದೇ ಇರಲಿಲ್ಲ.

ಅದಕ್ಕೆ ಒಂದು ವಾರ ಮೊದಲು ಬೆಲ್ಜಿಯಂನ ಫ್ಲಾಂಡರ್ಸ್ ರೇಸಿನಲ್ಲೂ ಇದೇ ಕಥೆ. ಮಳೆಗೆ ಜಾರುತ್ತಿದ್ದ ಕೊಪ್ಪೆನ್‌ಬರ್ಗ್ ಏರಿನಲ್ಲಿ ದೊಡ್ಡ ದೊಡ್ಡ ಹೆಸರಿನವರೂ ಇಳಿದು ಸೈಕಲ್ ತಳ್ಳಿಕೊಂಡು ಹತ್ತಿದರು. ವಾನ್ ಡರ್ ಪೂಲ್ ತುಳಿದುಕೊಂಡೇ ಹತ್ತಿ, ಸುಮಾರು 44 ಕಿಲೋಮೀಟರ್ ಒಂಟಿಯಾಗಿ ಹೋಗಿ ಗೆದ್ದರು.

ಅಷ್ಟು ಜನ ಸೇರಿದರೂ ಒಬ್ಬನನ್ನು ಹಿಡಿಯೋಕೆ ಯಾಕೆ ಆಗಲ್ಲ? ಸೈಕಲ್ ರೇಸಿನಲ್ಲಿ ದೊಡ್ಡ ಶತ್ರು ಗಾಳಿ. ಮುಂದಿನವನ ಚಕ್ರದ ಹಿಂದೆ ಅಂಟಿಕೊಂಡು ಹೋದರೆ ಶಕ್ತಿ ಬಹಳ ಉಳಿಯುತ್ತದೆ. ಡಾಂಬರು ರಸ್ತೆಯಲ್ಲಿ ಗುಂಪು ಸರದಿ ಮೇಲೆ ಗಾಳಿ ಸೀಳುತ್ತಾ ಹೋಗಿ ಒಂಟಿ ಸವಾರನನ್ನು ನುಂಗಿಹಾಕುತ್ತದೆ. ಕಲ್ಲಿನ ದಾರಿಯಲ್ಲಿ ಈ ಲೆಕ್ಕ ಕೆಡುತ್ತದೆ. ದಾರಿ ಕಿರಿದು, ನಡುವೆ ಉಬ್ಬು, ಅಂಚಿನಲ್ಲಿ ಮಣ್ಣು. ಕಲ್ಲು ಕಾಣಬೇಕು ಅಂದರೆ ಮುಂದಿನವನಿಂದ ಸ್ವಲ್ಪ ದೂರ ಇರಲೇಬೇಕು. ಮುಗ್ಗರಿಸಿದವನ ಹಿಂದೆ ಇದ್ದವನೂ ಬೀಳುತ್ತಾನೆ. ಎಲ್ಲರಿಗಿಂತ ಮುಂದೆ ಒಬ್ಬನೇ ಇರುವವನಿಗೆ ಕಲ್ಲುಗಳ ನಡುವೆ ತನಗೆ ಬೇಕಾದ ಜಾಡು ಸಿಗುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಮನುಷ್ಯರದು. 200 ಕಿಲೋಮೀಟರ್ ದಾಟುವ ಹೊತ್ತಿಗೆ ನಾಯಕರ ಸಹಾಯಕ್ಕಿದ್ದ ಸವಾರರು ಸುಸ್ತಾಗಿ ಹಿಂದೆ ಬಿದ್ದಿರುತ್ತಾರೆ. ಉಳಿಯುವುದು ಬೇರೆ ಬೇರೆ ತಂಡದ ನಾಲ್ಕಾರು ಜನ. ಗಾಳಿಗೆ ಎದೆಕೊಟ್ಟು ನಾನು ಎಳೆದರೆ ಎರಡನೇ ಸ್ಥಾನ ಇನ್ನೊಬ್ಬನಿಗೆ ಹೋಗುತ್ತೆ ಅನ್ನುವ ಲೆಕ್ಕಾಚಾರ ಎಲ್ಲರ ತಲೆಯಲ್ಲೂ. 2024ರಲ್ಲಂತೂ ಆ ಗುಂಪಿನಲ್ಲೇ ಫಿಲಿಪ್ಸೆನ್ ಇದ್ದರು. ಮುಂದೆ ಇರುವುದು ಸ್ವಂತ ತಂಡದವನು, ಹಾಗಾಗಿ ಅವರು ಎಳೆಯಬೇಕಾಗಿರಲಿಲ್ಲ. ಕೊನೆಗೆ ಜೋರಾಗಿ ಓಡುವುದರಲ್ಲಿ ಅವರೇ ಗಟ್ಟಿ ಅಂತ ಉಳಿದವರಿಗೂ ಗೊತ್ತಿತ್ತು. ಇನ್ನು ಬೆನ್ನಟ್ಟುವುದು ಯಾರು?

ಈ ಜಗಳ ಹೊಸದೇನಲ್ಲ. 1969ರ ಫ್ಲಾಂಡರ್ಸ್ ರೇಸ್. ಬೆಲ್ಜಿಯಂನ ಎಡ್ಡಿ ಮರ್ಕ್ಸ್‌ಗೆ ಆಗ 23 ವರ್ಷ. ಮಳೆ, ಗಾಳಿ, ಇನ್ನೂ ಸುಮಾರು 70 ಕಿಲೋಮೀಟರ್ ದಾರಿ. ಮರ್ಕ್ಸ್ ಒಬ್ಬರೇ ಹೊರಟುಬಿಟ್ಟರು. ತಂಡದ ಮ್ಯಾನೇಜರ್ ಕಾರಿನಲ್ಲಿ ಪಕ್ಕಕ್ಕೆ ಬಂದು, ನಿನಗೇನು ಹುಚ್ಚಾ ಅಂತ ಕೇಳಿದ್ದು ಇವತ್ತಿಗೂ ಎಲ್ಲರೂ ಹೇಳುವ ಕಥೆ. ಎರಡನೆಯವರಾದ ಇಟಲಿಯ ಫೆಲಿಚೆ ಜಿಮೊಂಡಿ ಬಂದಿದ್ದು ಐದೂವರೆ ನಿಮಿಷ ತಡವಾಗಿ. ಮರುವರ್ಷ ರೂಬೆಯಲ್ಲೂ ಮರ್ಕ್ಸ್ ಐದು ನಿಮಿಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು.

ಮೊದಮೊದಲು ಜನ ಬೆರಗಾದರು. ಪ್ರತಿಸಲ ಅವರೇ ಗೆಲ್ಲತೊಡಗಿದಾಗ ಒಂದಷ್ಟು ಜನರಿಗೆ ಬೆರಗು ಹೋಗಿ ಸಿಟ್ಟು ಬಂತು. 1975ರ ಟೂರ್ ದ ಫ್ರಾನ್ಸ್‌ನಲ್ಲಿ ಪ್ರೇಕ್ಷಕನೊಬ್ಬ ಅವರ ಹೊಟ್ಟೆಗೆ ಗುದ್ದಿದ. ವಾನ್ ಡರ್ ಪೂಲ್ ಕೂಡ ಇಂಥದ್ದನ್ನು ಕಂಡಿದ್ದಾರೆ. 2024ರ ರೂಬೆಯಲ್ಲಿ ಅವರ ಚಕ್ರದತ್ತ ಟೋಪಿ ಎಸೆದರು, 2025ರಲ್ಲಿ ಬಾಟಲಿ ಎಸೆದರು. ಬೋರ್ ಆಯ್ತು ಅನ್ನೋದು ಅಭಿಪ್ರಾಯ, ಒಪ್ಪೋಣ. ಇದು ಬರೀ ಪುಂಡಾಟ.

2010ರಲ್ಲಿ ಅನುಮಾನವೂ ಬಂದು ಸೇರಿಕೊಂಡಿತು. ಸ್ವಿಟ್ಜರ್‌ಲೆಂಡಿನ ಫ್ಯಾಬಿಯನ್ ಕ್ಯಾಂಚೆಲ್ಲಾರಾ ಫ್ಲಾಂಡರ್ಸ್‌ನ ಕಡಿದಾದ ಏರಿನಲ್ಲಿ, ಸೀಟಿನಿಂದ ಏಳದೆಯೇ, ಬೆಲ್ಜಿಯಂನ ಟಾಮ್ ಬೂನೆನ್ ಅವರನ್ನು ಹಿಂದೆ ಹಾಕಿದರು. ಮುಂದಿನ ವಾರ ರೂಬೆಯಲ್ಲಿ ಸುಮಾರು 50 ಕಿಲೋಮೀಟರ್ ಒಂಟಿ ಓಟ. ಸ್ವಲ್ಪ ದಿನದಲ್ಲೇ ಒಂದು ವಿಡಿಯೋ ಹರಿದಾಡಿತು. ಅವರ ಕೈ ಹ್ಯಾಂಡಲ್ ಮೇಲೆ ಆಡುವುದನ್ನು ತೋರಿಸಿ, ಸೈಕಲ್ಲಿನೊಳಗೆ ಮೋಟಾರ್ ಇರಬಹುದು ಅಂತ ಅದು ಸೂಚಿಸಿತು. ಕ್ಯಾಂಚೆಲ್ಲಾರಾ ಅದನ್ನು ತಳ್ಳಿಹಾಕಿದರು, ಆರೋಪ ಸಾಬೀತಾಗಲೂ ಇಲ್ಲ. ಆದರೆ ಅದೇ ವರ್ಷದ ಟೂರ್‌ನಿಂದ ಸೈಕಲ್‌ಗಳನ್ನು ಸ್ಕ್ಯಾನ್ ಮಾಡತೊಡಗಿದರು. 2016ರಲ್ಲಿ ಬೆಲ್ಜಿಯಂನ ಯುವ ಸ್ಪರ್ಧಿಯೊಬ್ಬರ ಸೈಕಲ್ಲಿನಲ್ಲಿ ನಿಜವಾಗಿಯೂ ಮೋಟಾರ್ ಸಿಕ್ಕಿ, ಆರು ವರ್ಷದ ನಿಷೇಧವಾಯಿತು. ಅದು ಕೆಸರಿನಲ್ಲಿ ನಡೆಯುವ ಸೈಕ್ಲೋಕ್ರಾಸ್ ರೇಸ್. ಆದರೂ ಆ ಪ್ರಕರಣದ ನೆರಳು ಪ್ರತಿ ಒಂಟಿ ಗೆಲುವಿನ ಮೇಲೂ ಬೀಳುತ್ತದೆ.

ಎದುರಿಗೆ ಯಾರೂ ಇರಲಿಲ್ಲ ಅನ್ನುವ ವಾದಕ್ಕೂ ಹಳೇ ಉದಾಹರಣೆ ಇದೆ. 2012ರಲ್ಲಿ ಬೂನೆನ್ ರೂಬೆಯಲ್ಲಿ 50 ಕಿಲೋಮೀಟರಿಗೂ ಜಾಸ್ತಿ ಒಂಟಿಯಾಗಿ ಹೋಗಿ ನಾಲ್ಕನೇ ಸಲ ಗೆದ್ದರು, ರೋಜರ್ ಡಿ ವ್ಲೇಮಿಂಕ್ ಅವರ ನಾಲ್ಕು ಗೆಲುವಿನ ದಾಖಲೆ ಸರಿಗಟ್ಟಿದರು. ಒಂದು ವಾರ ಮೊದಲು ಫ್ಲಾಂಡರ್ಸ್‌ನಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡ ಕ್ಯಾಂಚೆಲ್ಲಾರಾ ಆ ದಿನ ಇರಲಿಲ್ಲ. ಈಗ ಆ ಗೆಲುವಿನ ಮಾತು ಬಂದಾಗ ಇದನ್ನು ನೆನಪಿಸುವವರು ಎಷ್ಟು ಜನ? ದಾಖಲೆಯ ಪುಸ್ತಕದಲ್ಲಿ ಗೈರುಹಾಜರಿಗೆ ಜಾಗ ಇಲ್ಲ.

ಬೋರ್ ಅನ್ನುವ ದೂರಿನ ಹಿಂದೆ ಟಿವಿಯ ಪಾಲೂ ಇದೆ ಅಂತ ನನಗನಿಸುತ್ತದೆ. ರೂಬೆ ರೇಸ್ ಶುರುವಿನಿಂದ ಕೊನೆಯವರೆಗೂ ನೇರಪ್ರಸಾರವಾಗಿದ್ದು 2016ರಲ್ಲೇ ಮೊದಲು. ಆ ವರ್ಷವೇ ಬೆಳಿಗ್ಗೆಯಿಂದ ಮುಂದೆ ಇದ್ದ ಮ್ಯಾಥ್ಯೂ ಹೇಮನ್, ಕೊನೆಯ ಗೆರೆಯ ಹತ್ತಿರ ಬೂನೆನ್ ಅವರನ್ನೇ ಸೋಲಿಸಿದರು. ಅದನ್ನು ನೋಡಿದವರಿಗೆ ಪ್ರತಿವರ್ಷ ಅಂಥದ್ದೇ ಬೇಕು. ಮರ್ಕ್ಸ್‌ನ ಕಾಲದ ಜನಕ್ಕೆ ಆ 70 ಕಿಲೋಮೀಟರನ್ನು ನಿಮಿಷ ನಿಮಿಷವೂ ನೋಡುವ ಭಾಗ್ಯ, ಅಥವಾ ಕಷ್ಟ, ಇರಲಿಲ್ಲ.

2025ರಲ್ಲಿ ಪೊಗಾಚಾರ್ ಮೊದಲ ಸಲ ರೂಬೆಗೆ ಬಂದರು. ಒಂದು ವಾರ ಮೊದಲಷ್ಟೇ ಫ್ಲಾಂಡರ್ಸ್‌ನಲ್ಲಿ ವಾನ್ ಡರ್ ಪೂಲ್ ಅವರನ್ನು ಹಿಂದೆ ಬಿಟ್ಟು ಒಂಟಿಯಾಗಿ ಗೆದ್ದಿದ್ದರು. ಈಗಲಾದರೂ ಎದುರಾಳಿ ಸಿಕ್ಕಿದರು ಅಂತ ಎಲ್ಲರಿಗೂ ಖುಷಿ. ಆದರೆ 38 ಕಿಲೋಮೀಟರ್ ಉಳಿದಿದ್ದಾಗ ತಿರುವೊಂದರಲ್ಲಿ ಪೊಗಾಚಾರ್ ಬಿದ್ದರು. ವಾನ್ ಡರ್ ಪೂಲ್ 1 ನಿಮಿಷ 18 ಸೆಕೆಂಡ್ ಅಂತರದಲ್ಲಿ ಸತತ ಮೂರನೇ ಸಲ ಗೆದ್ದರು. ಪೊಗಾಚಾರ್ ಬೀಳದೇ ಇದ್ದಿದ್ದರೆ ಅನ್ನುವ ವಾದ ಶುರುವಾಯಿತು. ಅದೇ ಒಂಟಿ ಓಟದ ನಡುವೆ ವಾನ್ ಡರ್ ಪೂಲ್ ಸೈಕಲ್ ಪಂಕ್ಚರ್ ಆಗಿ, ಬೇರೆ ಸೈಕಲ್ ಹತ್ತಿ ಹೋಗಿದ್ದನ್ನು ಮಾತ್ರ ಆ ವಾದ ಮಾಡುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ.