ಎಡಿಟಿಂಗ್ ಡಬ್ಬದೊಳಗೊಂದು ಕಂಪ್ಯೂಟರ್

"ಇದು ಕಂಪ್ಯೂಟರ್ ಅಲ್ಲ, ವಿಡಿಯೊ ಎಡಿಟಿಂಗ್ ಮಷಿನ್" ಎಂದು ಹೇಳಿ ಹಳೆಯ ಡಬ್ಬಗಳನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗುವವರಿದ್ದಾರೆ. ಸ್ಕ್ರೂ ಬಿಚ್ಚಿದರೆ ಒಳಗಿರುವುದು ಕಂಪ್ಯೂಟರೇ. ಪ್ರೊಸೆಸರ್, ರಾಮ್, ಸ್ಕಸಿ (SCSI, ಡಿಸ್ಕ್ ಜೋಡಿಸುವ ಹಳೆಯ ವಿಧಾನ) ಡಿಸ್ಕ್ ಎಲ್ಲ ಇರುತ್ತೆ.

ಜರ್ಮನಿಯ ಮ್ಯಾಕ್ರೊಸಿಸ್ಟಮ್ ಕಂಪನಿಯ ಡ್ರಾಕೊವನ್ನೇ ನೋಡಿ. 1994ರಲ್ಲಿ ಅಮಿಗಾ ಎಂಬ ಮನೆ ಕಂಪ್ಯೂಟರ್ ತಯಾರಿಸುತ್ತಿದ್ದ ಕಮೊಡೋರ್ ಕಂಪನಿ ದಿವಾಳಿಯಾಯಿತು. ಅಮಿಗಾಗೆ ವಿಡಿಯೊ ಕಾರ್ಡ್ ಮಾಡಿಕೊಂಡಿದ್ದ ಮ್ಯಾಕ್ರೊಸಿಸ್ಟಮ್ ತನ್ನದೇ ಎಡಿಟಿಂಗ್ ಮಷಿನ್ ಕಟ್ಟಿತು, ಅದೇ ಡ್ರಾಕೊ. ಮೊಟೊರೊಲಾ 68060 ಪ್ರೊಸೆಸರ್, ವೇಗ 50 ಮೆಗಾಹರ್ಟ್ಸ್, ಮೇಲೆ ಅಮಿಗಾದ್ದೇ ಆಪರೇಟಿಂಗ್ ಸಿಸ್ಟಮ್ (ಓಎಸ್), ಅಮಿಗಾ ಓಎಸ್ 3.1. ಎಡಿಟಿಂಗ್ ಸಾಫ್ಟ್‌ವೇರ್ ಪಕ್ಕಕ್ಕಿಟ್ಟರೆ ಕೈಗೆ ಸಿಗುವುದು ಬಲು ಚುರುಕಾದ ಅಮಿಗಾ. ನೆಟ್‌ಬಿಎಸ್‌ಡಿ ಎಂಬ ಉಚಿತ ಓಎಸ್ ಕೂಡ ಹಾಕಬಹುದು.

ಆದರೆ ಆಟ ಆಡೋಕೆ ಅಂತ ಇದನ್ನು ಕೊಂಡವರಿಗೆ ನಿರಾಸೆ ಖಂಡಿತ. ಅಮಿಗಾದ ಚಿತ್ರ, ಧ್ವನಿ ನೋಡಿಕೊಳ್ಳುತ್ತಿದ್ದ ಆಗ್ನಸ್, ಡೆನಿಸ್, ಪೌಲಾ ಥರದ ಚಿಪ್‌ಗಳು ಇದರಲ್ಲಿಲ್ಲ. ಓಎಸ್ ಮೂಲಕ ಕೆಲಸ ಮಾಡಿಸಿಕೊಳ್ಳುವ ಪ್ರೋಗ್ರಾಂಗಳು ನಡೆಯುತ್ತವೆ. ಆಗಿನ ಆಟಗಳಲ್ಲಿ ಜಾಸ್ತಿ ಪಾಲು ಓಎಸ್ಸನ್ನು ಬದಿಗೆ ತಳ್ಳಿ ನೇರ ಆ ಚಿಪ್‌ಗಳಿಗೇ ಕೈ ಹಾಕುತ್ತಿದ್ದವು. ಚಿಪ್ಪೇ ಇಲ್ಲದ ಮೇಲೆ ಇನ್ನೇನು?

ಯಾವ ಡಬ್ಬವೇ ಬರಲಿ, ಬಂದ ತಕ್ಷಣ ಪ್ಲಗ್ ಚುಚ್ಚಬೇಡಿ. ಮೊದಲು ಬೋರ್ಡ್ ನೋಡಿ. ಗಡಿಯಾರಕ್ಕೆಂದು ಹಾಕಿದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಅಕ್ಕಪಕ್ಕದ ತಾಮ್ರದ ಗೆರೆಗಳನ್ನು ತಿಂದುಹಾಕಿರುತ್ತೆ. ಬ್ಯಾಟರಿ ಕತ್ತರಿಸಿ ತೆಗೆದು, ಆ ಜಾಗವನ್ನು ವಿನೆಗರ್‌ನಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯುತ್ತೇನೆ. ಚಿಕ್ಕ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳದ್ದೂ ಇದೇ ಕಥೆ. ಬೆಸುಗೆ ಕಡ್ಡಿ ತಾಗಿಸಿದಾಗ ಮೀನಿನ ವಾಸನೆ ಬಂದರೆ ಅದು ಸೋರಿದೆ ಎಂದೇ ಲೆಕ್ಕ. ಆಮೇಲೆ ಪವರ್ ಸಪ್ಲೈನ ವೋಲ್ಟೇಜ್ ಅಳೆಯಿರಿ.

ಡಿಸ್ಕ್ ತಿರುಗಿದರೆ ಅದೇ ನಿಮ್ಮ ಅದೃಷ್ಟ. ಇನ್ನೊಮ್ಮೆ ತಿರುಗುತ್ತೋ ಇಲ್ಲವೋ, ಅದಕ್ಕೇ ಮೊದಲ ಸಲವೇ ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ತದ್ರೂಪು ನಕಲು, ತೆಗೆದುಬಿಡಿ. ಅದರಲ್ಲಿರುವ ಡ್ರೈವರ್‌ಗಳು ಬೇರೆ ಕಡೆ ಸಿಗದೇ ಇರಬಹುದು. ಒಂದು ಡಬ್ಬದಲ್ಲಿ ನನಗೆ ಯಾರದೋ ಮದುವೆಯ ಅರ್ಧ ಎಡಿಟ್ ಮಾಡಿದ ವಿಡಿಯೊ ಸಿಕ್ಕಿತ್ತು. ಉಳಿದರ್ಧ ಏನಾಯಿತೋ! ಆಮೇಲೆ ಹಳೆ ಡಿಸ್ಕಿನ ಜಾಗಕ್ಕೆ ಬ್ಲೂಸ್ಕಸಿ ಥರದ ಮೆಮೊರಿ ಕಾರ್ಡ್ ಅಡಾಪ್ಟರ್ ಹಾಕಿದರೆ ಸದ್ದೂ ಇಲ್ಲ, ಶಾಖವೂ ಕಡಿಮೆ. ಕೇಬಲ್‌ನ ಎರಡೂ ತುದಿಗೆ ಟರ್ಮಿನೇಟರ್, ಅಂದರೆ ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ ತುಣುಕು, ಇರಲೇಬೇಕು. ಡಿಸ್ಕ್ ಕಾಣಿಸುತ್ತಿಲ್ಲ ಎಂದು ಬರುವವರಲ್ಲಿ ಎಷ್ಟೋ ಜನ ಮರೆತಿರುವುದು ಇದನ್ನೇ.

ವಿಡಿಯೊವನ್ನು ಕಂಪ್ಯೂಟರ್ ಒಳಗೆ ತುಂಬಿಕೊಳ್ಳುವ ಕ್ಯಾಪ್ಚರ್ ಕಾರ್ಡನ್ನು ಸುಮ್ನೆ ಕಿತ್ತು ಎಸೆಯಬೇಡಿ. ಅದಿಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಹಳೆಯ ವಿಡಿಯೊ ಫೈಲ್‌ಗಳನ್ನು ತೆರೆಯುವುದೇ ಕಷ್ಟ ಆಗಬಹುದು.

ಇನ್ನು ಮಾನಿಟರ್. ಟಿವಿ ಸಿಗ್ನಲ್ ಕೊಡುವ ಮಷಿನ್‌ಗಳದ್ದು ಪರದೆಯ ಮೇಲೆ ಗೆರೆ ಎಳೆಯುವ ವೇಗ ಸುಮಾರು 15.6 ಕಿಲೋಹರ್ಟ್ಸ್. ಈಗಿನ ಬಹಳಷ್ಟು ಮಾನಿಟರ್‌ಗಳು 31ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪರದೆ ಕಪ್ಪಗಿದೆ ಎಂದರೆ ಮಷಿನ್ ಸತ್ತಿದೆ ಎಂದಲ್ಲ, ನಡುವೆ ಆ ವೇಗವನ್ನು ಎರಡು ಪಟ್ಟು ಮಾಡುವ ಸ್ಕ್ಯಾನ್ ಡಬ್ಲರ್ ಬೇಕು. ಗ್ರಾಫಿಕ್ಸ್ ಕಾರ್ಡ್ ಇರುವ ಡ್ರಾಕೊಗೆ ಮಾತ್ರ ಈ ತಲೆನೋವಿಲ್ಲ.