ರೇಡಿಯೋ ಗೆಲಾಕ್ಸಿಯ ನೇರಳಾತೀತ ಬೆಳಕು: ನಕ್ಷತ್ರಗಳ ಪಾಲು ಕೊನೆಗೆ

ಪ್ರಬಲ ರೇಡಿಯೋ ಗೆಲಾಕ್ಸಿಗಳು (ರೇಡಿಯೋ ಅಲೆಗಳನ್ನು ಭಾರಿ ಪ್ರಮಾಣದಲ್ಲಿ ಸೂಸುವ ಗೆಲಾಕ್ಸಿಗಳು) ಬಹುಪಾಲು ದೀರ್ಘವೃತ್ತಾಕಾರದವು. ನಮಗೆ ಹತ್ತಿರ ಇರುವವುಗಳ ನಕ್ಷತ್ರಗಳು ಹಳೆಯವು, ಕೆಂಪು ಬಣ್ಣದವು. ಅಲ್ಲಿ 300 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದಲ್ಲಿ, ಅಂದರೆ ನೇರಳಾತೀತದಲ್ಲಿ, ನಿರೀಕ್ಷೆ ಮೀರಿದ ಬೆಳಕು ಕಂಡರೆ, ಹೊಸ ನಕ್ಷತ್ರಗಳು ಹುಟ್ಟುತ್ತಿವೆ ಎಂದು ಬರೆದುಬಿಡುವ ಆತುರ ಸಹಜ. ಉಳಿದ ಮೂಲಗಳ ಪಾಲನ್ನೆಲ್ಲ ಕಳೆಯುವವರೆಗೆ ಆ ಮಾತು ಆಡಬಾರದು.

ಮೊದಲು ನಮ್ಮ ಆಕಾಶಗಂಗೆಯ ಧೂಳಿನ ಲೆಕ್ಕ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು 0.3 ಮ್ಯಾಗ್ನಿಟ್ಯೂಡ್ (ಹೊಳಪಿನ ಮಾನ) ಮಸುಕು ತಂದರೆ, 150 ನ್ಯಾನೊಮೀಟರಿನಲ್ಲಿ ಸುಮಾರು 0.8 ಆಗುತ್ತದೆ, ಅರ್ಧಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ನಷ್ಟ.

ಆಮೇಲೆ ಅನಿಲದ ಹೊಳಪು. ಅಗಲ ಫಿಲ್ಟರಿನೊಳಗೆ ಜಲಜನಕದ ಲೈಮನ್ ಆಲ್ಫಾ (121.6 ನ್ಯಾನೊಮೀಟರ್; ಮುಂದಿನ ತರಂಗಾಂತರಗಳೂ ಇದೇ ಮಾನದಲ್ಲಿ) ಅಥವಾ ಅಯಾನೀಕೃತ ಇಂಗಾಲದ 154.9ರ ರೇಖೆ ಬಿದ್ದರೆ ಚಿತ್ರವೆಲ್ಲ ಅದರದ್ದೇ ಆಗಬಹುದು. ಕೆಂಪುಪಲ್ಲಟ (ವಿಶ್ವ ಹಿಗ್ಗುವುದರಿಂದ ತರಂಗಾಂತರ ಉದ್ದವಾಗುವ ಪ್ರಮಾಣ) 2 ಇದ್ದರೆ ತರಂಗಾಂತರ 1+2, ಅಂದರೆ ಮೂರು ಪಟ್ಟಾಗಿ, ಲೈಮನ್ ಆಲ್ಫಾ 365ಕ್ಕೆ ಸರಿದಿರುತ್ತದೆ. ಫಿಲ್ಟರ್ ಆರಿಸುವ ಮುನ್ನವೇ ಈ ಗುಣಾಕಾರ ಮಾಡಿಕೊಳ್ಳಬೇಕು. ರೇಖೆಗಳಲ್ಲದೆ ಅನಿಲ ಸೂಸುವ ನಿರಂತರ ಬೆಳಕೂ ಇದೆ. ಜಲಜನಕದ ಅಯಾನುಗಳು ಎಲೆಕ್ಟ್ರಾನುಗಳನ್ನು ಸೆರೆಹಿಡಿಯುವಾಗ 364.6ಕ್ಕಿಂತ ಕೆಳಗೆ ಬೆಳಕು ಮೆಟ್ಟಿಲಿನಂತೆ ಏರುತ್ತದೆ. ಜಲಜನಕದ್ದೇ ಆದ ಎಚ್-ಬೀಟಾ ರೇಖೆಯ ಬಲದಿಂದ ಇದನ್ನು ನೇರವಾಗಿ ಲೆಕ್ಕ ಹಾಕಬಹುದು. ಎಚ್-ಬೀಟಾ ಸೇರಿದ ಬಾಮರ್ ಸರಣಿಯ ಕೊನೆಯ ರೇಖೆಗಳು ಒತ್ತೊತ್ತಾಗಿ ಸೇರಿ ಆ ಮೆಟ್ಟಿಲಿನ ಅಂಚನ್ನು ಮಸುಕಾಗಿಸುವುದರಿಂದ, ರೋಹಿತದಲ್ಲಿ ಅದು ಕಾಣಲಿಲ್ಲವೆಂದು ಈ ಪಾಲನ್ನು ಕೈಬಿಡುವವರಿದ್ದಾರೆ. ಅದು ತಪ್ಪು.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಚದುರಿದ ಬೆಳಕು. ಕೇಂದ್ರದ ಕ್ವೇಸಾರನ್ನು (ಕಪ್ಪುಕುಳಿಯ ಸುತ್ತಲಿನ ಅತಿ ಹೊಳೆಯುವ ಭಾಗ) ಧೂಳಿನ ಉಂಗುರ ನಮ್ಮಿಂದ ಮರೆಮಾಡಿದ್ದರೂ, ಜೆಟ್ (ಕೇಂದ್ರದಿಂದ ಚಿಮ್ಮುವ ಕಣಗಳ ಧಾರೆ) ಹೊರಡುವ ಎರಡೂ ದಿಕ್ಕಿಗೆ ಅದರ ಬೆಳಕು ಶಂಕುವಿನಾಕಾರದಲ್ಲಿ ಹೊರಬಿದ್ದು, ಧೂಳು ಮತ್ತು ಎಲೆಕ್ಟ್ರಾನುಗಳಿಗೆ ತಾಗಿ ನಮ್ಮ ಕಡೆ ತಿರುಗುತ್ತದೆ. ದೂರದ ರೇಡಿಯೋ ಗೆಲಾಕ್ಸಿಗಳ ನೇರಳಾತೀತ ರೂಪ ರೇಡಿಯೋ ಅಕ್ಷದ, ಅಂದರೆ ಜೆಟ್ಟಿನ ದಿಕ್ಕಿನ, ಉದ್ದಕ್ಕೇ ಚಾಚಿಕೊಂಡಿರುತ್ತದೆಂದು 1987ರಲ್ಲಿ ಗೊತ್ತಾಯಿತು. ಅದಕ್ಕೊಂದು ಮುಖ್ಯ ಕಾರಣ ಇದು. ಗುರುತು ಹಿಡಿಯುವ ದಾರಿ ಧ್ರುವೀಕರಣ, ಅಂದರೆ ಬೆಳಕಿನ ಕಂಪನ ಒಂದೇ ದಿಕ್ಕಿಗೆ ವಾಲುವುದು: ವಿದ್ಯುತ್ ಕಂಪನ ಆ ಚಾಚಿದ ದಿಕ್ಕಿಗೆ ಲಂಬವಾಗಿರಬೇಕು. ಅಳತೆ ಶೇ. 8 ಬಂದು, ಚದುರಿದ ಬೆಳಕಿನ ಸ್ವಂತ ಧ್ರುವೀಕರಣ ಶೇ. 20 ಎಂದಿಟ್ಟುಕೊಂಡರೆ ಅದರ ಪಾಲು ಶೇ. 40. ಆ 20 ಶಂಕುವಿನ ಓರೆಯನ್ನು ಅವಲಂಬಿಸಿದ ಊಹೆ. ಆದ್ದರಿಂದ ಒಂದೇ ಅಂಕಿ ಕೊಡದೆ ಕನಿಷ್ಠ, ಗರಿಷ್ಠ ಎರಡನ್ನೂ ಬರೆಯುವುದು ಪ್ರಾಮಾಣಿಕ. ಧ್ರುವೀಕರಣದ ಪ್ರಮಾಣ ಋಣ ಸಂಖ್ಯೆಯಾಗಲಾರದು. ಹಾಗಾಗಿ ಗದ್ದಲ (ಅಳತೆಯ ಯಾದೃಚ್ಛಿಕ ಏರಿಳಿತ) ಹೆಚ್ಚಿದ್ದಾಗ ಅಳತೆ ಮೇಲಕ್ಕೇ ವಾಲುತ್ತದೆ. ಅಳತೆಯ ವರ್ಗದಿಂದ ದೋಷದ ವರ್ಗ ಕಳೆದು ವರ್ಗಮೂಲ ತೆಗೆದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಅಗಲ ರಂಧ್ರದಿಂದ ಅಳೆದರೆ ತೊಂದರೆ ತಿರುಗುಮುರುಗು: ಬೇರೆ ಬೇರೆ ಭಾಗಗಳ ದಿಕ್ಕುಗಳು ಪರಸ್ಪರ ರದ್ದಾಗಿ ಸಂಖ್ಯೆ ಇಳಿಯುತ್ತದೆ.

ಇನ್ನೊಂದು ಪಾಲು ಜೆಟ್ಟಿನದೇ: ಕಾಂತಕ್ಷೇತ್ರದಲ್ಲಿ ಸುತ್ತುವ ಅತಿ ವೇಗದ ಎಲೆಕ್ಟ್ರಾನುಗಳು ಸೂಸುವ ಈ ಸಿಂಕ್ರೊಟ್ರಾನ್ ಬೆಳಕನ್ನು ಒಂದೇ ದಿನದ ಚಿತ್ರದಿಂದ ಅಂದಾಜಿಸಬಾರದು. ಎಂ87 ಎಂಬ ಹತ್ತಿರದ ರೇಡಿಯೋ ಗೆಲಾಕ್ಸಿಯ ಕೇಂದ್ರದಿಂದ ಒಂದು ಆರ್ಕ್‌ಸೆಕೆಂಡಿಗಿಂತ ಕಡಿಮೆ ದೂರದ ಎಚ್‌ಎಸ್‌ಟಿ-1 ಗಂಟು (ಜೆಟ್ಟಿನೊಳಗಿನ ಹೊಳೆಯುವ ತುಣುಕು) 2005ರ ವೇಳೆಗೆ ಕೇಂದ್ರವನ್ನೇ ಮೀರಿ ಹೊಳೆದು ಆಮೇಲೆ ಕುಗ್ಗಿತು.

ಇಷ್ಟೆಲ್ಲ ಕಳೆದ ಮೇಲೂ ಉಳಿದದ್ದು ಎಳೆಯ ನಕ್ಷತ್ರಗಳದ್ದೇ ಎನ್ನುವಂತಿಲ್ಲ: ಹೀಲಿಯಂ ಉರಿಸುವ ಹಳೆಯ ಬಿಸಿ ನಕ್ಷತ್ರಗಳೂ 200ಕ್ಕಿಂತ ಕೆಳಗೆ ಹೊಳೆಯುತ್ತವೆ. ಗಟ್ಟಿ ಸಾಕ್ಷಿ ನಕ್ಷತ್ರದ ಮೇಲ್ಪದರದಲ್ಲೇ ಮೂಡುವ ಹೀರಿಕೆ ರೇಖೆ. ಕೆಂಪುಪಲ್ಲಟ 3.8ರ 4ಸಿ 41.17 ಎಂಬ ರೇಡಿಯೋ ಗೆಲಾಕ್ಸಿಯಲ್ಲಿ ಧ್ರುವೀಕರಣ ಸಿಗಲಿಲ್ಲ, ಗಂಧಕದ 150.2ರ ಹೀರಿಕೆ ರೇಖೆ ಸಿಕ್ಕಿತು. 1997ರಲ್ಲಿ ಅಲ್ಲಿ ಎಳೆಯ ನಕ್ಷತ್ರಗಳಿವೆ ಎಂದು ಹೇಳಲು ಆಧಾರವಾದದ್ದು ಈ ಎರಡೂ ಒಟ್ಟಿಗೆ.