ಲೆ ಮಾನ್‌ನ ಕಾರು ಕಲಬುರಗಿ ಬಿಸಿಲಿಗೆ ಬಂದರೆ?

ಫ್ರಾನ್ಸಿನ ಲೆ ಮಾನ್‌ನಲ್ಲಿ ಸಂಜೆ 4 ಗಂಟೆಗೆ 24 ತಾಸಿನ ಕಾರ್ ರೇಸ್ ಶುರುವಾದಾಗ ಕಲಬುರಗಿಯಲ್ಲಿ ರಾತ್ರಿ 7.30. ಜೂನ್ ತಿಂಗಳು. ಊರ ಕಡೆ ಮಿರಗದ ಮಳೆ, ತೊಗರಿ ಬಿತ್ತನೆಯ ಗಡಿಬಿಡಿ. ನಿದ್ದೆಗೆಟ್ಟು ಮೊಬೈಲಿನಲ್ಲಿ ಈ ರೇಸ್ ನೋಡುವ ಹುಡುಗರು ನಮ್ಮಲ್ಲಿ ಕಡಿಮೆ. ಅವರ ಬಾಯಲ್ಲೂ ಫೆರಾರಿ, ಟೊಯೋಟಾ, ಪೋರ್ಷೆಗಳದ್ದೇ ಮಾತು. ನನ್ನ ಕಣ್ಣು ಮಾತ್ರ 2023ರವರೆಗೂ ಅಲ್ಲಿ ಓಡಿದ ಗ್ಲಿಕನ್‌ಹೌಸ್ ಅನ್ನೋ ಸಣ್ಣ ತಂಡದ ಮೇಲಿತ್ತು.

ಒಂದು ಕಾಲಕ್ಕೆ ಸಿನಿಮಾ ನಿರ್ದೇಶಿಸುತ್ತಿದ್ದ ಅಮೆರಿಕದ ಜೇಮ್ಸ್ ಗ್ಲಿಕನ್‌ಹೌಸ್ ಕಟ್ಟಿದ ತಂಡ ಇದು. ಬೆನ್ನಿಗೆ ಯಾವ ದೊಡ್ಡ ಕಾರ್ ಕಂಪನಿಯೂ ಇರಲಿಲ್ಲ. ಕಾರಿನ ಎಂಜಿನ್ ಮಾಡಿದ್ದು ಪಿಪೊ ಅನ್ನೋ ಫ್ರೆಂಚ್ ಸಂಸ್ಥೆ. ರ‍್ಯಾಲಿ ಎಂಜಿನ್‌ಗಳಿಗೆ ಹೆಸರಾದವರು ಅವರು. 3.5 ಲೀಟರ್, ಎಂಟು ಸಿಲಿಂಡರ್, ಎರಡು ಟರ್ಬೊ. ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ. ಎದುರಿಗಿದ್ದ ಟೊಯೋಟಾ ಮಾತ್ರ ಹೈಬ್ರಿಡ್.

ಈ ಒಂದು ವ್ಯತ್ಯಾಸದಲ್ಲೇ ಬೇಕಾದಷ್ಟು ವಿಜ್ಞಾನ ಇದೆ. ಇವೆರಡೂ ಓಡಿದ ಮೇಲಿನ ದರ್ಜೆಯ ಕಾರು ಎಷ್ಟೇ ಹಗುರವಾದರೂ 1,030 ಕಿಲೊ ತೂಗಲೇಬೇಕು. ಪೆಟ್ರೋಲ್, ಚಾಲಕ ಸೇರಿದರೆ ಸುಮಾರು 1,100 ಅನ್ನಿ. ಅದು ಗಂಟೆಗೆ 300 ಕಿ.ಮೀ. ವೇಗದಲ್ಲಿ ಬಂದು, ತಿರುವಿನ ಮುಂದೆ 100ಕ್ಕೆ ಇಳಿಯಬೇಕು. ಆ ಕೆಲವೇ ಸೆಕೆಂಡುಗಳಲ್ಲಿ ಕಾರು ಕಳೆದುಕೊಳ್ಳುವ ಶಕ್ತಿ 34 ಲಕ್ಷ ಜೂಲ್. ಅಷ್ಟು ಶಕ್ತಿಯಲ್ಲಿ ನಮ್ಮ ಸ್ನಾನದ ಹಂಡೆಯ 10 ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಒಂದಿಷ್ಟನ್ನು ಎದುರು ಗಾಳಿ ನುಂಗುತ್ತದೆ. ಉಳಿದದ್ದರಲ್ಲಿ ಟೊಯೋಟಾ ಒಂದು ಪಾಲನ್ನು ವಿದ್ಯುತ್ ಮಾಡಿ ಬ್ಯಾಟರಿಗೆ ಹಾಕಿಕೊಳ್ಳುತ್ತದೆ. ಗ್ಲಿಕನ್‌ಹೌಸ್ ಕಾರಿಗೆ ಆ ದಾರಿ ಇಲ್ಲ. ಅಷ್ಟೂ ಬಿಸಿ ಬ್ರೇಕ್ ಡಿಸ್ಕಿನ ತಲೆ ಮೇಲೆ. ರಾತ್ರಿ ಹೊತ್ತು ಗಾಲಿಯೊಳಗೆ ಡಿಸ್ಕ್ ಕೆಂಪಗೆ ಹೊಳೆಯುವುದು ಅದಕ್ಕೇ. ಹಾಗಂತ ಅದು ತಣ್ಣಗಿದ್ದರೂ ಕೆಲಸ ಕೆಟ್ಟಿತು. ಕಾರ್ಬನ್ ಬ್ರೇಕಿಗೆ ನೂರಾರು ಡಿಗ್ರಿ ಏರದ ಹೊರತು ಹಿಡಿತವೇ ಬರುವುದಿಲ್ಲ.

ಅಂದ ಮೇಲೆ ಹೈಬ್ರಿಡ್ ಬಿಟ್ಟದ್ದು ತಪ್ಪಾಯ್ತಾ? ನನಗೇನೋ ಹಾಗನ್ನಿಸುವುದಿಲ್ಲ. ಇಲ್ಲದ ಬ್ಯಾಟರಿ ಕೆಡುವುದಿಲ್ಲ, ಅಲ್ವಾ? ಲೆ ಮಾನ್‌ನ ಒಂದು ಸುತ್ತು 13.626 ಕಿ.ಮೀ. ಮುಂದಿನ ಸಾಲಿನ ಕಾರುಗಳು ಅದನ್ನು ಮೂರೂವರೆ ನಿಮಿಷದಲ್ಲಿ ಮುಗಿಸುತ್ತವೆ. ರಿಪೇರಿಗೆಂದು ಹತ್ತು ನಿಮಿಷ ಒಳಗೆ ನಿಂತರೆ ಸುಮಾರು ಮೂರು ಸುತ್ತು ಹೋಯಿತು. ಸುತ್ತಿಗೆ ಒಂದು ಸೆಕೆಂಡ್ ಉಳಿಸಿ ಅದನ್ನು ತುಂಬಿಕೊಳ್ಳಲು 24 ತಾಸೂ ಸಾಲದು.

2022ರಲ್ಲಿ ಈ ಲೆಕ್ಕ ಕೈಹಿಡಿಯಿತು. ಲೆ ಮಾನ್‌ನಲ್ಲಿ ಟೊಯೋಟಾದ ಎರಡೂ ಕಾರುಗಳು 380 ಸುತ್ತು ಹಾಕಿದವು. ಗ್ಲಿಕನ್‌ಹೌಸ್‌ನ ಒಂದು ಕಾರು 375 ಸುತ್ತು ಹಾಕಿ 3ನೇ ಸ್ಥಾನಕ್ಕೆ ಬಂತು, ಇನ್ನೊಂದು 4ನೇ ಸ್ಥಾನಕ್ಕೆ. 375 ಸುತ್ತು ಅಂದರೆ 5,100 ಕಿ.ಮೀ.ಗೂ ಜಾಸ್ತಿ. ಕಲಬುರಗಿಯಿಂದ ಬೆಂಗಳೂರಿಗೆ ನಾಲ್ಕು ಸಲ ಹೋಗಿ ಬಂದರೂ ಇಷ್ಟಾಗುವುದಿಲ್ಲ. ಆ ವರ್ಷ ಮೇಲಿನ ದರ್ಜೆಯಲ್ಲಿ ಇದ್ದದ್ದೇ ಐದು ಕಾರು ಅನ್ನುವುದನ್ನೂ ಹೇಳಿಬಿಡಬೇಕು. ಆ ಐದನೆಯ ಕಾರು, ಆಲ್ಪೀನ್ ತಂಡದ್ದು, ರಿಪೇರಿಯಲ್ಲೇ ಹಿಂದೆ ಬಿತ್ತು.

ಲೆ ಮಾನ್ ಸೇರಿದ ವಿಶ್ವ ಚಾಂಪಿಯನ್‌ಶಿಪ್‌ನ ಆ ವರ್ಷದ ಉಳಿದ ರೇಸ್‌ಗಳು ಇಷ್ಟು ಸಲೀಸಾಗಿರಲಿಲ್ಲ. ಬೆಲ್ಜಿಯಂನ ಸ್ಪಾದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಶುರು ಮಾಡಿದರೂ ಮೊದಲ ಮೂರರಲ್ಲಿ ಜಾಗ ಸಿಗಲಿಲ್ಲ. ಜುಲೈನಲ್ಲಿ ಇಟಲಿಯ ಮೊಂಜಾ. ಅಲ್ಲೂ ಮುಂದಿನಿಂದಲೇ ಆರಂಭ, ರೇಸ್‌ನಲ್ಲೂ ಮುನ್ನಡೆ. ಅಷ್ಟರಲ್ಲಿ ಟರ್ಬೊ ಹೋಯಿತು. ಕಥೆ ಮುಗಿಯಿತು.

ಟರ್ಬೊ ಪಾಡು ನೋಡಿ. ಒಂದು ಶಾಫ್ಟು, ಎರಡು ತುದಿಗೆ ಎರಡು ಚಕ್ರ. ಒಂದಕ್ಕೆ 900 ಡಿಗ್ರಿ ಆಸುಪಾಸಿನ ಹೊಗೆ ಬಡಿಯುತ್ತದೆ. ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಈ ಶಾಫ್ಟನ್ನು ಕಾಯುವುದು ಆಯಿಲ್‌ನ ತೆಳು ಪದರ. ಅದು ತಪ್ಪಿದರೆ ಬೇರಿಂಗ್ ಗತಿ ಮುಗಿಯಿತು. ನಮ್ಮ ರಿಂಗ್ ರೋಡಿನ ಮೆಕ್ಯಾನಿಕ್‌ಗಳಿಗೆ ಇದು ಚೆನ್ನಾಗಿ ಗೊತ್ತು. "ದೂರದಿಂದ ಓಡಿಸ್ಕೊಂಡು ಬಂದ್ ಕೂಡ್ಲೇ ಗಾಡಿ ಬಂದ್ ಮಾಡಬ್ಯಾಡ್ರಿ, ಒಂದ್ ನಿಮಿಷ ಸ್ಟಾರ್ಟ್‌ನಾಗೇ ಬಿಡ್ರಿ" ಅನ್ನುತ್ತಾರಲ್ಲ, ಅದು ಸುಮ್ನೆ ಹೇಳುವ ಮಾತಲ್ಲ. ಎಂಜಿನ್ ನಿಂತರೆ ಆಯಿಲ್ ಹರಿಯುವುದೂ ನಿಲ್ಲುತ್ತದೆ. ಕಾದ ಟರ್ಬೊದೊಳಗೆ ಉಳಿದ ಆಯಿಲ್ ಸುಟ್ಟು ಕರಿಯಾಗಿ ಕಟ್ಟಿಕೊಳ್ಳುತ್ತದೆ.

ಈಗ ಇದೇ ಕಾರನ್ನು ಮೇ ತಿಂಗಳ ಕಲಬುರಗಿಗೆ ತಂದೆವು ಅನ್ನಿ. ರೇಡಿಯೇಟರ್ ಎಷ್ಟು ಬಿಸಿ ಹೊರಗೆ ಹಾಕುತ್ತದೆ ಅನ್ನುವುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 100 ಡಿಗ್ರಿ, ಗಾಳಿ 20 ಡಿಗ್ರಿ ಇದ್ದರೆ ಅಂತರ 80. ನಮ್ಮ 43 ಡಿಗ್ರಿಯಲ್ಲಿ ಅದು 57. ಹೆಚ್ಚುಕಡಿಮೆ ಶೇ. 30ರಷ್ಟು ತಂಪು ಅಲ್ಲೇ ಖೋತಾ. ಇಷ್ಟೇ ಅಲ್ಲ. ಬಿಸಿ ಗಾಳಿ ತೆಳು. ಕಲಬುರಗಿ ಸಮುದ್ರ ಮಟ್ಟದಿಂದ 450 ಮೀಟರ್‌ನಷ್ಟು ಮೇಲಿರುವುದರಿಂದ ಇನ್ನೂ ತೆಳು. ಎರಡೂ ಸೇರಿದರೆ ಗಾಳಿಯ ಸಾಂದ್ರತೆ ಶೇ. 12ರಷ್ಟು ಕಡಿಮೆ. ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಬಲವೂ ಅಷ್ಟೇ ಕುಗ್ಗುತ್ತದೆ. ಎಂಜಿನ್‌ಗೆ ಮೊದಲಿನಷ್ಟೇ ಗಾಳಿ ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಅದರಿಂದ ಇನ್ನೂ ಬಿಸಿಯಾಗುತ್ತದೆ.

ಗಾಳಿಕಿಂಡಿ ದೊಡ್ಡದು ಮಾಡಿದರಾಯ್ತಲ್ಲ ಅನ್ನಬಹುದು. ಮಾಡಬಹುದು. ಆದರೆ ಕಿಂಡಿ ದೊಡ್ಡದಾದಷ್ಟೂ ಗಾಳಿಯ ತಡೆ ಹೆಚ್ಚಿ, ನೇರ ರಸ್ತೆಯಲ್ಲಿ ವೇಗ ಬೀಳುತ್ತದೆ. ಎಷ್ಟು ತೆರೆದರೆ ಸರಿ ಅಂತ ತಿಳಿಯಲು ಮತ್ತೆ ಮತ್ತೆ ಓಡಿಸಿ ನೋಡಬೇಕು. ಅದಕ್ಕೆ ದುಡ್ಡು ಬೇಕು. ದೊಡ್ಡ ಕಂಪನಿಗೂ ಸಣ್ಣ ತಂಡಕ್ಕೂ ನಿಜವಾದ ಅಂತರ ಇರುವುದು ಇಲ್ಲಿ, ಕುದುರೆಶಕ್ತಿಯಲ್ಲಲ್ಲ.

ಆ ವರ್ಷದ ಕೊನೆಯ ಎರಡು ರೇಸ್‌ಗಳಾದ ಜಪಾನಿನ ಫುಜಿ, ಬಹ್ರೇನ್ ಎರಡಕ್ಕೂ ತಂಡ ಹೋಗಲೇ ಇಲ್ಲ. 2023ರಲ್ಲಿ ಮತ್ತೆ ಲೆ ಮಾನ್‌ಗೆ ಬಂತು. ಈ ಸಲ ಫೆರಾರಿ, ಪೋರ್ಷೆ, ಕ್ಯಾಡಿಲ್ಯಾಕ್, ಪ್ಯೂಜೋ ಎಲ್ಲರೂ ಇದ್ದರು, ಎಲ್ಲರದ್ದೂ ಹೈಬ್ರಿಡ್. ಗ್ಲಿಕನ್‌ಹೌಸ್‌ನ ಎರಡು ಕಾರುಗಳು 6 ಮತ್ತು 7ನೇ ಸ್ಥಾನಕ್ಕೆ ಬಂದವು. ಪೋರ್ಷೆ, ಪ್ಯೂಜೋ ಕಾರುಗಳೆಲ್ಲ ಅವುಗಳ ಹಿಂದೆ.